ಬ್ರೌಸರ್ ಟ್ಯಾಬ್ ಜಾಸ್ತಿ ತೆರೆದಾಗ ನನ್ನ ಲಿನಕ್ಸ್ ಡೆಸ್ಕ್‌ಟಾಪ್ ಗರ ಬಡಿದ ಹಾಗೆ ನಿಂತುಬಿಡುತ್ತದೆ, ಯಾಕೆ?

ಬಹುಮಟ್ಟಿಗೆ ರ‍್ಯಾಮ್ ತುಂಬಿಹೋಗಿರುತ್ತದೆ. ಜಾಗ ಸಾಲದಿದ್ದರೆ ಕರ್ನಲ್, ಅಂದರೆ ಸಿಸ್ಟಮ್ಮಿನ ಒಳತಿರುಳು, ಯಾವ ಪ್ರೋಗ್ರಾಮನ್ನೂ ತಕ್ಷಣ ಮುಚ್ಚುವುದಿಲ್ಲ. ಓಡುತ್ತಿರುವ ಪ್ರೋಗ್ರಾಮುಗಳ ಕೋಡನ್ನೇ ರ‍್ಯಾಮ್‌ನಿಂದ ಕಿತ್ತುಹಾಕುತ್ತದೆ, ಹೇಗೂ ಡಿಸ್ಕಿನಲ್ಲಿ ಪ್ರತಿ ಇದೆಯಲ್ಲ ಅಂತ; ಮರುಕ್ಷಣ ಅದೇ ಕೋಡ್ ಬೇಕಾಗುತ್ತದೆ, ಮತ್ತೆ ಓದಬೇಕು, ಅದಕ್ಕೆ ಇನ್ನೊಂದನ್ನು ಕೀಳಬೇಕು, ಹೀಗೆ ಮೌಸ್ ಪಾಯಿಂಟರ್ ಕದಲುವುದಕ್ಕೂ ಡಿಸ್ಕಿಗೆ ಕಾಯುವ ಪಾಡು. ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ, ತೆಗೆದರೆ ಸರಿಹೋಗುತ್ತೆ ಅಂತಾರೆ, ಹೋಗಲ್ಲ.

ಕ್ಯಾಬಿನೆಟ್‌ನ ಡಿಸ್ಕ್ ಲೈಟ್ ಬಿಡದೆ ಉರಿಯುತ್ತಿದ್ದರೆ ಹೆಚ್ಚಾಗಿ ಇದೇ ಕಾಯಿಲೆ. ಲೈಟ್ ಆರಿದೆ, ಕ್ಯಾಪ್ಸ್‌ಲಾಕ್ ಒತ್ತಿದರೂ ಕೀಬೋರ್ಡಿನ ದೀಪ ಬದಲಾಗುತ್ತಿಲ್ಲ ಅಂದರೆ ಅನುಮಾನ ಗ್ರಾಫಿಕ್ಸ್ ಡ್ರೈವರ್ ಅಥವಾ ಹಾರ್ಡ್‌ವೇರ್ ಮೇಲೆ. ಆಗಲೂ ಸುಮ್ನೆ ಓಎಸ್ ಮತ್ತೆ ಹಾಕಲು ಹೋಗಬೇಡಿ, ರೀಸ್ಟಾರ್ಟ್ ಮಾಡಿ, ಸಿಸ್ಟಮ್ ಬರೆದಿಟ್ಟ ಹಿಂದಿನ ಬೂಟ್‌ನ ಲಾಗ್‌ನಲ್ಲಿ ಕೊನೆಯ ಸಾಲುಗಳನ್ನು ನೋಡಿ.

ರ‍್ಯಾಮ್ ಸಮಸ್ಯೆಯಾದರೆ ಅರ್ಲಿ-ಓಓಎಂ (earlyoom) ಅನ್ನುವ ಪುಟ್ಟ ಪ್ರೋಗ್ರಾಮ್ ಹಾಕಿ. ಪೂರ್ತಿ ತುಂಬುವ ಮೊದಲೇ, ಜಾಸ್ತಿ ನುಂಗುತ್ತಿರುವ ಪ್ರೋಗ್ರಾಮನ್ನು ಅದು ಮುಚ್ಚುತ್ತದೆ. 2020ರ ಲಿನಕ್ಸ್ ಆವೃತ್ತಿ ಫೆಡೋರಾ 32 ವರ್ಕ್‌ಸ್ಟೇಷನ್‌ನಲ್ಲಿ ಇದು ಜೊತೆಗೇ ಬಂದಿತ್ತು. ಒಂದು ಟ್ಯಾಬ್ ಹೋಗಬಹುದು, ಇಡೀ ಮಷೀನ್ ಅಲ್ಲ. ರ‍್ಯಾಮ್ ಒಳಗೇ ಡೇಟಾ ಕುಗ್ಗಿಸಿ ಇಡುವ ಜೆಡ್‌ರ‍್ಯಾಮ್ ಕೂಡ ಸೇರಿಸಿದರೆ ಇನ್ನೂ ಒಳ್ಳೆಯದು.