ಅಮ್ಹಾರಿಕ್‌ನಲ್ಲಿ ‘ಬಂದರೆ’, ‘ಬಂದಿದ್ದರೆ’ ಹೇಳುವುದು ಹೇಗೆ?

ಇಥಿಯೋಪಿಯಾದ ಅಮ್ಹಾರಿಕ್‌ನಲ್ಲಿ ಷರತ್ತಿನ ವಾಕ್ಯ ಹೇಗೆ ಕಟ್ಟುತ್ತಾರೆ ಅಂತ ಕೇಳಿದ್ದೀರಿ. ಅರಬ್ಬಿ, ಹೀಬ್ರೂ ಇರುವ ಸೆಮಿಟಿಕ್ ಬಳಗದ ಭಾಷೆಯಾದರೂ ಅದರಲ್ಲಿ ಕ್ರಿಯಾಪದ ಕನ್ನಡದ ಹಾಗೆ ಕೊನೆಗೇ ಬರುತ್ತದೆ. ಷರತ್ತು ಮೊದಲು, ಫಲ ಆಮೇಲೆ. ನಮ್ಮ ‘ರೆ’ ಪದದ ಕೊನೆಗೆ ಸೇರಿದರೆ ಅವರದು ಮೊದಲಿಗೆ ಸೇರುತ್ತದೆ, ಅಷ್ಟೇ.

ನಿಜವಾಗಿ ಆಗಬಹುದಾದ ಮಾತಿಗೆ ‘ಕೆ’ ಹಚ್ಚಿ ಭೂತರೂಪ ಬಳಸಿ. ಮೆತ್ತಾ ಅಂದರೆ ಬಂದನು. ಕೆಮೆತ್ತಾ, ಅವನು ಬಂದರೆ. ‘ಕೆಮೆತ್ತಾಹ್ ಇಹೇದಾಲ್ಲೆಹು’ ಅಂದರೆ ನೀನು ಬಂದರೆ ಹೋಗುತ್ತೇನೆ. ನಾಳೆಯ ಮಾತಿಗೆ ಭೂತರೂಪ ಯಾಕೆ ಅಂತ ಇಂಗ್ಲಿಷಿನಿಂದ ಕಲಿಯುವವರು ತಡವರಿಸುತ್ತಾರೆ. ನಾವು ‘ನಾಳೆ ಬಂದರೆ’ ಅನ್ನುವಾಗಲೂ ‘ಬಂದ’ ಇದ್ದೇ ಇದೆಯಲ್ಲ! ಆದರೆ ಒಂದು ಎಚ್ಚರ: ಹಿಂದೆಯೇ ‘ಬೆಹ್ವಾಲಾ’ ಬಂದರೆ ಷರತ್ತು ಹೋಯಿತು. ‘ಕೆಮೆತ್ತಾ ಬೆಹ್ವಾಲಾ’ ಎಂದರೆ ಬಂದ ಮೇಲೆ. ಮುಂದಿನ ಪದ ನೋಡದೆ ಅರ್ಥ ಮಾಡಬೇಡಿ.

ಅನುಮಾನದ, ಬರೀ ಊಹೆಯ ಮಾತಿಗೆ ‘ಬಿ’ ಹಚ್ಚಿ ವರ್ತಮಾನ-ಭವಿಷ್ಯದ ರೂಪ: ಬಿಮೆತಾ (ನಾನು), ಬಿತ್ತಿಮೆತಾ (ನೀನು, ಗಂಡಸಿಗೆ, ‘ಅವಳು’ ಎಂಬುದಕ್ಕೂ ಇದೇ), ಬೀಮೆತಾ (ಅವನು), ಬಿನ್ನಿಮೆತಾ (ನಾವು). ಸಲಹೆ ಕೊಡುವುದಕ್ಕೂ ಇದೇ ರೂಪ: ‘ಬಿತ್ತಿಹೇದ್ ಯಿಶ್ಶಾಲಾಲ್’, ನೀನು ಹೋಗುವುದೇ ವಾಸಿ. ಇಲ್ಲಿ ಹೆಚ್ಚು ಜನ ಎಡವುವುದು ಕೊನೆಯ ‘ಆಲ್’ ಹತ್ತಿರ. ಯಿಮೆತಾಲ್ (ಬರುತ್ತಾನೆ) ಷರತ್ತಿಗೆ ಬಂದಾಗ ‘ಆಲ್’ ಕಳಚಬೇಕು, ‘ಬೀಮೆತಾಲ್’ ಅನ್ನುವ ರೂಪವೇ ಇಲ್ಲ. ಕೆಮೆತ್ತಾದಲ್ಲಿ ತ ಒತ್ತಿ, ಬೀಮೆತಾದಲ್ಲಿ ಒಂಟಿ ತ. ಅವರ ಲಿಪಿ ಒತ್ತಕ್ಷರ ತೋರಿಸುವುದಿಲ್ಲವಾದ್ದರಿಂದ ಎರಡರಲ್ಲೂ ‘ಮೆತಾ’ ಭಾಗವನ್ನು ಒಂದೇ ಥರ ಬರೆಯುತ್ತಾರೆ. ಮೊದಲಕ್ಷರ ನೋಡಿ ಉಚ್ಚಾರ ಗೊತ್ತುಮಾಡಿಕೊಳ್ಳಬೇಕು.

ನಿಷೇಧ: ‘ಆಲ್ಮೆತ್ತಾಮ್’ (ಬರಲಿಲ್ಲ) ಕಾಲ್ಮೆತ್ತಾ ಆಗುತ್ತದೆ, ಕೊನೆಯ ‘ಮ್’ ಬಿದ್ದುಹೋಗುತ್ತದೆ. ಊಹೆಯಲ್ಲಾದರೆ ಬಾಯ್ಮೆತಾ.

ನಡೆಯದೇ ಹೋದದ್ದಕ್ಕೆ ‘ನೋರೋ’ ಮತ್ತು ‘ನೆಬ್ಬೆರ್’ ಬೇಕು. ‘ಬೀಮೆತಾ ನೋರೋ ಇಹೇದ್ ನೆಬ್ಬೆರ್’, ಅವನು ಬಂದಿದ್ದರೆ ನಾನು ಹೋಗುತ್ತಿದ್ದೆ. ನೆಬ್ಬೆರ್ ಅಂದರೆ ‘ಇದ್ದನು’. ನಮ್ಮ ‘ಹೋಗುತ್ತ ಇದ್ದೆ’ ಇದೇ ಕಟ್ಟಡ, ನನಗೆ ಬಹಳ ಇಷ್ಟವಾದ ಹೋಲಿಕೆ ಇದು. ವ್ಯತ್ಯಾಸ ಒಂದೇ: ನಾನು, ನೀನು, ಅವರು ಯಾರಾದರೂ ನೆಬ್ಬೆರ್ ಬದಲಾಗದು, ಅದಕ್ಕೆ ಪ್ರತ್ಯಯ ಸೇರಿಸಬೇಡಿ. ಈಗಿನ ಬರೀ ಆಸೆಗೆ ನೋರೋ ಬೇಡ: ‘ಗೆನ್ಜ಼ೆಬ್ ಬೀನೋರೆಞ್ ಬೇತ್ ಇಗೆಜ಼ಾ ನೆಬ್ಬೆರ್’, ದುಡ್ಡಿದ್ದರೆ ಮನೆ ಕೊಳ್ಳುತ್ತಿದ್ದೆ.

‘ಬಂದರೂ’ ಅನ್ನಲು ಕೊನೆಗೆ ‘ಮ್’: ‘ಬೀಜ಼ೆನ್ಬಿಮ್ ಇಹೇದಾಲ್ಲೆಹು’, ಮಳೆ ಬಂದರೂ ಹೋಗುತ್ತೇನೆ. ಈ ‘ಮ್’ ನಮ್ಮ ‘ಊ’ ಇದ್ದಂತೆ, ‘ಸಹ’ ಅನ್ನುವ ಅರ್ಥದ್ದು.

‘ಹಾಗಿದ್ದಲ್ಲಿ’ ಅನ್ನುವ ಧಾಟಿಗೆ ಕೆಹೋನೆ (ಆದರೆ) ಇದೆ: ‘ಹೇದೋ ಕೆಹೋನೆ’, ಅವನು ಹೋಗಿರುವುದೇ ಆದರೆ. ಮಾತಾಡಲು ಶುರುಮಾಡುವವರು ಮೊದಲು ‘ಗೀಜ಼ೇ ಕಾಲ್ಲೆಹ್ ನಾ’ ಬಾಯಿಪಾಠ ಮಾಡಿ: ಟೈಮ್ ಇದ್ದರೆ ಬಾ. ಗೆಳೆಯನಿಗೆ ಹೇಳುವ ಮಾತಿದು. ಹೆಂಗಸಾದರೆ ‘ಕಾಲ್ಲೆಶ್ ನೇಯ್’ ಅನ್ನಬೇಕು.