ಕಿಂಗ್‌ಸ್ಟನ್ನಿನ ಶನಿವಾರ ರಾತ್ರಿ, ಮಂಡ್ಯದ ಭಾನುವಾರ ಬೆಳಿಗ್ಗೆ

ಕಳೆದ ಸಂಚಿಕೆಯಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ವಾರ್ಷಿಕ ಅಥ್ಲೆಟಿಕ್ ಕೂಟವನ್ನು ಒಂದೇ ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಅದರ ಬಗ್ಗೆ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದು, ಈಗ ನಿವೃತ್ತನಾಗಿ ಮೈಸೂರಿನಲ್ಲಿರುವ ನನಗೆ ಓಟದ ವಿಷಯ ಯಾರಾದರೂ ಕೇಳಿದರೆ ಅದಕ್ಕಿಂತ ದೊಡ್ಡ ಹಿಗ್ಗು ಇಲ್ಲ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ಆ ಕೂಟದ ಹೆಸರೇನು? ಒಲಿಂಪಿಕ್ಸ್ ಅಲ್ಲ, ವಿಶ್ವ ಚಾಂಪಿಯನ್‌ಷಿಪ್ ಅಲ್ಲ. ಮತ್ತೆ ಅದಕ್ಕೆ ಏಕೆ ಅಷ್ಟು ಬೆಲೆ?
ಹತ್ತನೇ ತರಗತಿ ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ಜಮೈಕಾ ಇಂಟರ್‌ನ್ಯಾಷನಲ್ ಇನ್ವಿಟೇಷನಲ್ ಎಂದು ಅದರ ಹೆಸರು. 2004ರಲ್ಲಿ ಶುರುವಾಯಿತು. ಮೇ ತಿಂಗಳ ಆರಂಭದ ಒಂದು ಶನಿವಾರ ಸಂಜೆ, ಕಿಂಗ್‌ಸ್ಟನ್ನಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದ ಕೂಟ. ಇಲ್ಲಿ ದೇಶಗಳ ತಂಡಗಳಿರಲಿಲ್ಲ. ಆಹ್ವಾನ ಬಂದ ಓಟಗಾರರು ಬಂದು ಓಡುತ್ತಿದ್ದರು. ಚಳಿಗಾಲವಿಡೀ ಮಾಡಿದ ಅಭ್ಯಾಸ ಮೈಗೆ ಹತ್ತಿದೆಯೇ ಇಲ್ಲವೇ ಎಂಬುದು ಇಂಥ ಮೊದಲ ಕೂಟಗಳಲ್ಲಿಯೇ ತಿಳಿಯುವುದು.

ನಮಗೂ ಅವರಿಗೂ ಹತ್ತೂವರೆ ಗಂಟೆಯ ಅಂತರವಿದೆ. ಅಲ್ಲಿ ಶನಿವಾರ ರಾತ್ರಿ ಎಂಟು ಗಂಟೆಯಾದಾಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ. ಹಾಲಿನವನು ಬಾಗಿಲು ತಟ್ಟುವ ಹೊತ್ತಿಗೆ ಅಲ್ಲಿ ನೂರು ಮೀಟರ್ ಓಟಕ್ಕೆ ಹೆಸರು ಕೂಗುತ್ತಿದ್ದರು.

2008ರ ಮೇ 3ರಂದು ಇದೇ ಕೂಟದಲ್ಲಿ ಇಪ್ಪತ್ತೊಂದು ವರ್ಷದ ಉಸೇನ್ ಬೋಲ್ಟ್ ನೂರು ಮೀಟರನ್ನು 9.76 ಸೆಕೆಂಡಿನಲ್ಲಿ ಓಡಿದ. ಅಲ್ಲಿಯವರೆಗೆ ಅವನನ್ನು ಎಲ್ಲರೂ ಇನ್ನೂರು ಮೀಟರ್ ಓಟಗಾರನೆಂದೇ ತಿಳಿದಿದ್ದರು. ನೂರರಲ್ಲಿ ಅವನ ಹಿಂದಿನ ಅತ್ಯುತ್ತಮ ಸಮಯ 10.03. ಆಗ ವಿಶ್ವದಾಖಲೆ ಅವನ ದೇಶದವನೇ ಆದ ಅಸಾಫಾ ಪೊವೆಲ್‌ನ 9.74. ಮರುದಿನದ ಪತ್ರಿಕೆಗಳಲ್ಲಿ ಹುಡುಕಿ, ಕ್ರೀಡಾಪುಟದ ಮೂಲೆಯಲ್ಲಿ ಆ ಸುದ್ದಿ ಸಿಕ್ಕಾಗ ಅಚ್ಚಿನ ತಪ್ಪಿರಬಹುದೆಂದೇ ನಾನು ತಿಳಿದೆ. ಅದೇ ತಿಂಗಳ 31ರಂದು ನ್ಯೂಯಾರ್ಕಿನಲ್ಲಿ ಅವನು 9.72 ಓಡಿ ವಿಶ್ವದಾಖಲೆ ಮಾಡಿದ. ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 9.69. ಜಗತ್ತು ಬೀಜಿಂಗ್‌ನಲ್ಲಿ ಬೆರಗಾಯಿತು. ಕಿಂಗ್‌ಸ್ಟನ್ನಿನ ಜನ ಮೂರು ತಿಂಗಳು ಮೊದಲೇ ಕಣ್ಣಾರೆ ಕಂಡಿದ್ದರು. ಕೂಟಕ್ಕೆ ಬೆಲೆ ಬರುವುದು ಹೀಗೆ.

2016ರಿಂದ ಅದೇ ಕ್ರೀಡಾಂಗಣದಲ್ಲಿ ರೇಸರ್ಸ್ ಗ್ರ್ಯಾನ್ ಪ್ರಿ ಎಂಬ ಇನ್ನೊಂದು ಕೂಟವೂ ಆರಂಭವಾಯಿತು. ಬೋಲ್ಟ್‌ನ ಗುರು ಗ್ಲೆನ್ ಮಿಲ್ಸ್ ಅವರ ಕ್ಲಬ್ಬಿನದು. 2017ರ ಜೂನ್‌ನಲ್ಲಿ ಬೋಲ್ಟ್ ತಾಯ್ನಾಡಿನಲ್ಲಿ ಕೊನೆಯ ಬಾರಿ ಓಡಿದ್ದು ಅಲ್ಲಿಯೇ. ಗೆದ್ದ ಸಮಯ ಎಷ್ಟು ಗೊತ್ತೇ? 10.03. ಒಂಬತ್ತು ವರ್ಷಗಳ ಹಿಂದೆ ಅವನು ಹೊರಟಿದ್ದ ಅದೇ ಅಂಕಿ. ಆ ಬೆಳಿಗ್ಗೆ ಅದನ್ನು ನನ್ನ ಹಳೆಯ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವಾಗ ಕಣ್ಣು ತುಂಬಿತ್ತು.

ಇನ್ನೊಂದು ವಿಷಯ ನಿನ್ನ ತಾತನಿಗೆ ಹೇಳು, ಖುಷಿಪಡುತ್ತಾರೆ. ಆ ಕ್ರೀಡಾಂಗಣ ಜಮೈಕಾ ಸ್ವತಂತ್ರವಾದ 1962ರಲ್ಲಿ ಆರಂಭವಾದದ್ದು. 1966ರ ಕಾಮನ್‌ವೆಲ್ತ್ ಕ್ರೀಡೆಗಳು ಕಿಂಗ್‌ಸ್ಟನ್ನಿನಲ್ಲಿಯೇ ನಡೆದವು. ಅಲ್ಲಿ ಹ್ಯಾಮರ್ ಎಸೆತದಲ್ಲಿ ಬೆಳ್ಳಿ ಗೆದ್ದವರು ನಮ್ಮ ಪ್ರವೀಣ್ ಕುಮಾರ್ ಸೋಬ್ತಿ. ಮುಂದೆ ದೂರದರ್ಶನದಲ್ಲಿ ಗದೆ ಹಿಡಿದು ಭೀಮನಾದವರು ಅವರೇ.

ಪ್ರಶ್ನೆ: ಹದಿನಾರು ವರ್ಷದ ನನ್ನ ಮಗ ತಾಲ್ಲೂಕು ಕೂಟದಲ್ಲಿ ನೂರು ಮೀಟರನ್ನು 11.1 ಸೆಕೆಂಡಿನಲ್ಲಿ ಓಡಿದ್ದಾನೆ. ಬೋಲ್ಟ್‌ಗೂ ಅವನಿಗೂ ಸುಮಾರು ಒಂದೂವರೆ ಸೆಕೆಂಡ್ ಅಷ್ಟೇ ವ್ಯತ್ಯಾಸ. ಎಲ್ಲಿಗೆ ಸೇರಿಸಲಿ?
ರೈತರು, ಮದ್ದೂರು

ಉತ್ತರ: ಮೊದಲು ಹುಡುಗನ ಬೆನ್ನು ತಟ್ಟಿ. ಆಮೇಲೆ ಕುಳಿತು ಇದನ್ನು ಓದಿ.

ಆ 11.1 ಹೇಗೆ ಬಂತು? ಗುರಿಯ ಗೆರೆಯ ಬಳಿ ಒಬ್ಬ ಶಿಕ್ಷಕ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು, ಅಲ್ಲವೇ? ಹೊರಡುವಾಗ ಸೀಟಿ ಊದಿದರೆ ಆ ಸದ್ದು ನೂರು ಮೀಟರ್ ದಾಟಿ ಅವರ ಕಿವಿಗೆ ಬರಲು ಸುಮಾರು 0.3 ಸೆಕೆಂಡ್ ಬೇಕು. ಅಷ್ಟರಲ್ಲಿ ಹುಡುಗ ಹೊರಟಾಗಿರುತ್ತದೆ. ಆದ್ದರಿಂದಲೇ ಪಿಸ್ತೂಲಿನ ಹೊಗೆಯನ್ನು ನೋಡಿ ಗುಂಡಿ ಒತ್ತಬೇಕು, ಸದ್ದು ಕೇಳಿ ಒತ್ತಬಾರದು ಎಂದು ನಮಗೆ ಕಲಿಸುತ್ತಿದ್ದರು. ಹೊಗೆ ನೋಡಿ ಒತ್ತಿದರೂ ಕಣ್ಣಿನಿಂದ ಹೆಬ್ಬೆರಳಿಗೆ ಸುದ್ದಿ ಮುಟ್ಟಲು ಒಂದಿಷ್ಟು ತಡವಾಗುತ್ತದೆ. ಗೆರೆಯ ಬಳಿ ಹಾಗಲ್ಲ; ಓಡಿ ಬರುವವನನ್ನು ನೋಡುತ್ತಲೇ ಇರುವುದರಿಂದ ಬೆರಳು ಸಿದ್ಧವಾಗಿರುತ್ತದೆ. ಹೀಗೆ ಕೈಯಲ್ಲಿ ಹಿಡಿದ ಗಡಿಯಾರದ ಸಮಯ ಯಾವಾಗಲೂ ಓಟಗಾರನ ಪರ ವಾಲುತ್ತದೆ. ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸಲು ನೂರು ಮೀಟರಿಗೆ 0.24 ಸೆಕೆಂಡ್ ಸೇರಿಸುವುದು ವಾಡಿಕೆ. ಅಲ್ಲಿಗೆ ನಿಮ್ಮ ಮಗನದು 11.34. ಕಿಂಗ್‌ಸ್ಟನ್ನಿನಂಥ ಕೂಟದಲ್ಲಿ ಪ್ರತಿ ಓಟಗಾರನ ಹಿಂದೆಯೂ ಒಂದೊಂದು ಸ್ಪೀಕರ್ ಇಟ್ಟಿರುತ್ತಾರೆ. ಪಿಸ್ತೂಲಿನ ಹತ್ತಿರದ ಸಾಲಿನವನಿಗೆ ಮೊದಲು, ದೂರದವನಿಗೆ ಆಮೇಲೆ ಸದ್ದು ಕೇಳಿಸಬಾರದೆಂದು.

ಇನ್ನು ಗಾಳಿ. ನಮ್ಮ ಶಾಲಾ ಕೂಟಗಳು ನಡೆಯುವುದೇ ಗಾಳಿಯ ದಿನಗಳಲ್ಲಿ. ಆಷಾಢದ ಗಾಳಿ ಶ್ರಾವಣದಲ್ಲಿಯೂ ಪೂರ್ತಿ ಬಿಟ್ಟಿರುವುದಿಲ್ಲ. ಬೆನ್ನಿಗೆ ಗಾಳಿ ಬಿದ್ದರೆ ಹುಡುಗ ಹಾರಿಯೇ ಬರುತ್ತಾನೆ. ದೊಡ್ಡ ಕೂಟಗಳಲ್ಲಿ ಗುರಿಗೆ ಐವತ್ತು ಮೀಟರ್ ಇರುವಾಗ ಓಟದ ದಾರಿಯ ಪಕ್ಕದಲ್ಲಿ, ನೆಲದಿಂದ 1.22 ಮೀಟರ್ ಎತ್ತರದಲ್ಲಿ ಗಾಳಿಮಾಪಕ ಇಟ್ಟು, ಹೊರಟ ಕ್ಷಣದಿಂದ ಹತ್ತು ಸೆಕೆಂಡ್ ಅಳೆಯುತ್ತಾರೆ. ಬೆನ್ನಿನ ಗಾಳಿ ಸೆಕೆಂಡಿಗೆ ಎರಡು ಮೀಟರ್ ದಾಟಿದರೆ ಗೆಲುವು ಉಳಿಯುತ್ತದೆ, ಸಮಯ ದಾಖಲೆಗೆ ಸಲ್ಲುವುದಿಲ್ಲ. ಬೋಲ್ಟ್‌ನ ಆ 9.76ಕ್ಕೆ ಗಾಳಿ 1.8 ಇತ್ತು, ನಿಯಮದ ಒಳಗೇ. ಬೀಜಿಂಗ್‌ನ 9.69ಕ್ಕೆ ಗಾಳಿಯೇ ಇರಲಿಲ್ಲ, ಸೊನ್ನೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ಮೂರು ತಿಂಗಳಲ್ಲಿ ಅವನು ಎಷ್ಟು ಬೆಳೆದಿದ್ದ ಎಂಬುದು ತಿಳಿಯುತ್ತದೆ.

ಮೂರನೆಯದು ಅಳತೆ. ಇದರಲ್ಲಿ ನಾನೇ ತಪ್ಪು ಮಾಡಿದ್ದೇನೆ. ನಾಲೆಯ ಪಕ್ಕದ ನನ್ನ ಶಾಲೆಯ ಮೈದಾನಕ್ಕೆ ಮೂರು ವರ್ಷ ಒಂದೇ ಹಳೆಯ ಬಟ್ಟೆಯ ಟೇಪಿನಿಂದ ಅಳೆದು ಸುಣ್ಣದ ಗೆರೆ ಹಾಕಿಸಿದೆ. ಆ ಟೇಪಿನ ತುದಿ ಹರಿದು ಯಾರೋ ಗಂಟು ಹಾಕಿದ್ದನ್ನು ಗಮನಿಸಲಿಲ್ಲ. ಸ್ಟೀಲ್ ಟೇಪ್ ತಂದು ಅಳೆದಾಗ ನಮ್ಮ ನೂರು ಮೀಟರ್ ಎಂಬುದು ತೊಂಬತ್ತೇಳು ಮೀಟರ್ ಇತ್ತು. ಮೂರು ಮೀಟರ್ ಎಂದರೆ 0.3 ಸೆಕೆಂಡ್. ಆ ಮೂರು ವರ್ಷ ನನ್ನ ಹುಡುಗರು ಜಿಲ್ಲಾ ಮಟ್ಟಕ್ಕೆ ಹೋಗಿ ಸೋತು ಮುಖ ಬಾಡಿಸಿಕೊಂಡು ಬರುತ್ತಿದ್ದುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಿಮ್ಮ ಮಗ ಬೋಲ್ಟ್‌ನ ಜೊತೆ ಹೊರಟರೆ ಬೋಲ್ಟ್ ಗೆರೆ ಮುಟ್ಟಿದಾಗ ಇವನು ಸುಮಾರು ಹದಿನೈದು ಮೀಟರ್ ಹಿಂದಿರುತ್ತಾನೆ. ಅದಕ್ಕೆ ಕುಗ್ಗಬೇಡಿ. ಹದಿನಾರಕ್ಕೆ ಮಣ್ಣಿನ ಮೈದಾನದಲ್ಲಿ, ಬಹುಶಃ ಬರಿಗಾಲಿನಲ್ಲಿ, 11.34 ಒಳ್ಳೆಯ ಓಟ. ಎಲ್ಲಿಗಾದರೂ ಸೇರಿಸುವ ಮೊದಲು ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ನಾಲ್ಕಾರು ಬಾರಿ ಓಡಿಸಿ, ಸಮಯ ನೋಡಿ. ಹಣ ಕಟ್ಟಿಸಿಕೊಂಡು ಚಾಂಪಿಯನ್ ಮಾಡುತ್ತೇವೆ ಎನ್ನುವವರ ಬಳಿ ಮಾತ್ರ ಹೋಗಬೇಡಿ.

ಪ್ರಶ್ನೆ: ನಮ್ಮ ಕಂಬಳದ ಶ್ರೀನಿವಾಸ ಗೌಡರು ಬೋಲ್ಟ್‌ಗಿಂತ ವೇಗವಾಗಿ ಓಡಿದ್ದು ನಿಜವೇ?
ಯುವಕ, ಕೆ.ಆರ್. ಪೇಟೆ

ಉತ್ತರ: 2020ರಲ್ಲಿ ಅವರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕಂಬಳದ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು ಯಾರೋ ನೂರಕ್ಕೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ಬೋಲ್ಟ್‌ನ ವಿಶ್ವದಾಖಲೆ 9.58. ಲೆಕ್ಕ ಸರಿ, ಹೋಲಿಕೆ ಸರಿಯಲ್ಲ. ಕಂಬಳದಲ್ಲಿ ಮುಂದೆ ಎರಡು ಕೋಣಗಳಿವೆ. ಓಡಿಸುವವನು ಅವುಗಳನ್ನು ಹಿಡಿದೇ ಓಡುತ್ತಾನೆ, ಅವು ಎಳೆಯುತ್ತವೆ. ನಮ್ಮ ಕಡೆ ಎತ್ತಿನ ಗಾಡಿ ಓಟದಲ್ಲಿ ಗಾಡಿಯ ಮೇಲೆ ನಿಂತವನ ವೇಗವನ್ನು ಅವನ ಕಾಲಿನ ವೇಗ ಎನ್ನುತ್ತೇವೆಯೇ? ಆದರೆ ಕೆಸರುನೀರಿನಲ್ಲಿ, ಆ ವೇಗದಲ್ಲಿ, ಬೀಳದೆ ಹೆಜ್ಜೆ ಕೀಳುವುದು ಬೋಲ್ಟ್‌ಗೂ ಬಾರದ ವಿದ್ಯೆ. ಹೋಲಿಕೆ ಬೇಡವೆಂದು ಗೌಡರೇ ವಿನಯದಿಂದ ಹೇಳಿದ್ದರು. ಅವರ ಮಾತನ್ನು ಗೌರವಿಸೋಣ.

ಪ್ರಶ್ನೆ: ಜಮೈಕಾದವರು ಒಂದು ಬಗೆಯ ಗೆಡ್ಡೆ ತಿಂದೇ ಅಷ್ಟು ವೇಗವಾಗಿ ಓಡುತ್ತಾರೆ ಎಂದು ಓದಿದೆ. ನಮ್ಮಲ್ಲಿ ಸಿಗುತ್ತದೆಯೇ?
ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಬೋಲ್ಟ್ ಹುಟ್ಟಿದ ಟ್ರೆಲಾನಿ ಪ್ರಾಂತ್ಯ ಗೆಣಸಿಗೆ ಹೆಸರಾದದ್ದು, ಮಗನ ವೇಗಕ್ಕೆ ಅದೇ ಕಾರಣವೆಂದು ಅವನ ತಂದೆ ಹೇಳಿದ್ದು ಜಗತ್ತೆಲ್ಲ ಹರಡಿತು. ಅದು ಸುವರ್ಣಗೆಡ್ಡೆ ಅಲ್ಲ, ಸಿಹಿಗೆಣಸೂ ಅಲ್ಲ. ಎಚ್.ಡಿ. ಕೋಟೆ ಕಾಡಂಚಿನ ಜನ ಅಗೆದು ತರುವ ನೂರೆ ಗೆಣಸಿನ ಕುಲದ್ದು. ರುಚಿಗೆ, ಹೊಟ್ಟೆಗೆ ಒಳ್ಳೆಯದು, ತಿನ್ನಿ. ಗೆಡ್ಡೆಯಿಂದಲೇ ಓಟ ಬರುವುದಾದರೆ ಗೆಣಸು ತಿನ್ನುವ ಊರೆಲ್ಲ ಒಲಿಂಪಿಕ್ಸ್‌ನಲ್ಲಿರಬೇಕಿತ್ತು.

ನನಗೆ ಕಾಣುವ ಕಾರಣ ಬೇರೆ. ಸುಮಾರು ಇಪ್ಪತ್ತೆಂಟು ಲಕ್ಷ ಜನರ ಆ ದೇಶದಲ್ಲಿ ಪ್ರೌಢಶಾಲೆಗಳ ಅಥ್ಲೆಟಿಕ್ ಕೂಟ 1910ರಿಂದ ನಡೆಯುತ್ತಿದೆ. ಅವರು ಅದನ್ನು ಪ್ರೀತಿಯಿಂದ ಚಾಂಪ್ಸ್ ಎನ್ನುತ್ತಾರೆ. ಶಾಲಾ ಮಕ್ಕಳ ಓಟ ನೋಡಲು ರಾಷ್ಟ್ರೀಯ ಕ್ರೀಡಾಂಗಣ ಕಿಕ್ಕಿರಿಯುತ್ತದೆ. 2003ರಲ್ಲಿ ಹದಿನಾರರ ಬೋಲ್ಟ್ ಅಲ್ಲಿ ಇನ್ನೂರು ಮೀಟರನ್ನು 20.25ರಲ್ಲಿ ಓಡಿದ್ದ. ಮೇ ತಿಂಗಳ ಅಂತರರಾಷ್ಟ್ರೀಯ ಕೂಟಕ್ಕೆ ಬರುತ್ತಿದ್ದುದೂ ಇದೇ ಜನ. ದೊಡ್ಡ ಓಟಗಾರನನ್ನು ಅವರು ಮಗುವಾಗಿದ್ದಾಗಿನಿಂದ ನೋಡಿದ್ದಾರೆ.

ನಿಮ್ಮ ಮನೆಯ ಹಿರಿಯರನ್ನು ದಸರಾ ಕುಸ್ತಿಯ ಬಗ್ಗೆ ಕೇಳಿ. ಜೋಡಿ ಕಟ್ಟುವಾಗಲೇ ಯಾವ ಗರಡಿಯ ಹುಡುಗ, ಯಾರ ಶಿಷ್ಯ, ಯಾವ ಪಟ್ಟು ಅವನಿಗೆ ಕೈವಶ ಎಂಬುದನ್ನು ಮೈಸೂರಿನ ಜನ ಹೇಳುತ್ತಾರೆ. ದೊಡ್ಡಕೆರೆ ಮೈದಾನದಲ್ಲಿ ಪೈಲ್ವಾನ ತೊಡೆ ತಟ್ಟಿದರೆ ಸಾವಿರ ಜನ ಎದ್ದು ನಿಲ್ಲುತ್ತಾರೆ. ನಮಗೆ ಕುಸ್ತಿ ಹೇಗೋ ಕಿಂಗ್‌ಸ್ಟನ್ನಿಗೆ ಓಟ ಹಾಗೆ. ಅದೇ ದಸರೆಯಲ್ಲಿ ಚಾಮುಂಡಿ ವಿಹಾರದಲ್ಲಿ ಓಟಗಳೂ ನಡೆಯುತ್ತವೆ. ನಾನು ಹೋದಾಗಲೆಲ್ಲ ಮೆಟ್ಟಿಲುಗಳ ಮೇಲೆ ಓಡುವ ಮಕ್ಕಳ ಚೀಲಗಳು, ಅವರ ಮೇಷ್ಟ್ರುಗಳು, ಎರಡು ಮೂರು ಮಂದಿ ಅಪ್ಪಂದಿರು. ಅಷ್ಟೇ. ಈ ಸಲ ದೀಪಾಲಂಕಾರ ನೋಡಲು ಹೊರಡುವ ದಿನ ಒಂದು ಗಂಟೆ ಮೊದಲೇ ಹೊರಟು ಅಲ್ಲಿ ಕುಳಿತು ಬನ್ನಿ, ಅಮ್ಮ. ಯಾರದೋ ಮಗುವಿಗೆ ಚಪ್ಪಾಳೆ ಬೇಕಾಗಿದೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಇನ್ನೂರು ಮೀಟರ್‌ನಲ್ಲಿ ತಾಲ್ಲೂಕಿಗೆ ಮೊದಲು ಬಂದಳು. ಕುಳ್ಳಿ, ಇನ್ನು ಓದಲಿ, ಓಟ ಸಾಕು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಸಂತೆಯಲ್ಲಿ ಸೊಪ್ಪು ಮಾರುವವಳು. ನನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.
ಒಬ್ಬ ತಾಯಿ, ಮಳವಳ್ಳಿ

ಉತ್ತರ: ತಾಯಿ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ.

ಶೆಲ್ಲಿ ಆ್ಯನ್ ಫ್ರೇಸರ್ ಪ್ರೈಸ್ ಎಂಬ ಓಟಗಾರ್ತಿ ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಎಂಬ ಬಡ ಕೇರಿಯಲ್ಲಿ ಬೆಳೆದವಳು. ಅವಳ ತಾಯಿ ಬೀದಿಬದಿಯಲ್ಲಿ ವ್ಯಾಪಾರ ಮಾಡುತ್ತಿದ್ದವರು. ತಾವೂ ಒಂದು ಕಾಲಕ್ಕೆ ಓಡಿದವರು. ಮಗಳ ಎತ್ತರ ಐದು ಅಡಿ. 2008ರಲ್ಲಿ ಬೀಜಿಂಗ್‌ನಲ್ಲಿ ನೂರು ಮೀಟರ್ ಒಲಿಂಪಿಕ್ ಚಿನ್ನ ಗೆದ್ದಳು. ಕೆರಿಬಿಯನ್ ದ್ವೀಪಗಳ ಹೆಣ್ಣುಮಕ್ಕಳಲ್ಲಿ ಅದೇ ಮೊದಲು. 2012ರಲ್ಲಿ ಮತ್ತೆ ಗೆದ್ದಳು. 2017ರಲ್ಲಿ ಮಗ ಹುಟ್ಟಿದ. 2019ರಲ್ಲಿ ಅವನನ್ನು ಎತ್ತಿಕೊಂಡೇ ವಿಶ್ವ ಚಾಂಪಿಯನ್ ಆಗಿ ಮೈದಾನ ಸುತ್ತಿದಳು. 2022ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ನೂರು ಮೀಟರ್‌ನ ಐದನೆಯ ವಿಶ್ವ ಪ್ರಶಸ್ತಿ. ಕುಳ್ಳಿ ಎಂದವರಿಗೆ ಇದನ್ನು ಓದಿ ಹೇಳಿ. ಅವಳು ಓದನ್ನೂ ಬಿಡಲಿಲ್ಲ, ಪದವಿ ಪಡೆದಳು.

ನಿಮ್ಮ ಮಗಳು ಅವಳಂತಾಗುತ್ತಾಳೆ ಎಂದು ನಾನು ಮಾತು ಕೊಡಲಾರೆ. ಆದರೆ ನನ್ನ ಶಾಲೆಯಲ್ಲಿ ಒಬ್ಬಳಿದ್ದಳು. ಎರಡು ವರ್ಷ ಜಿಲ್ಲೆಗೇ ಮೊದಲ ಸ್ಥಾನ ಪಡೆದಳು. ಶಾಲೆಯಲ್ಲಿದ್ದುದು ಒಂದೇ ಜೊತೆ ಮುಳ್ಳಿನ ಶೂ, ಅದನ್ನು ಅವಳಿಗೇ ಕೊಟ್ಟಿದ್ದೆ. ಎಸ್ಸೆಸ್ಸೆಲ್ಸಿ ಮುಗಿದ ವಾರ ಅದನ್ನು ತೊಳೆದು, ಒಣಗಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟು, "ಮನೆಯಲ್ಲಿ ಸಾಕು ಎಂದರು ಸಾರ್" ಎಂದಳು. ನಾನು ತೆಗೆದುಕೊಂಡು ಬೀರುವಿನಲ್ಲಿಟ್ಟೆ. ಅವಳ ಮನೆಗೆ ಹೋಗಿ ಅಪ್ಪನ ಜೊತೆ ಮಾತನಾಡಬೇಕಿತ್ತು. ಎರಡು ಮೈಲಿಯ ದಾರಿ. ಹೋಗಲಿಲ್ಲ.

ಆದ್ದರಿಂದ ಮನೆಯವರಿಗೆ ನೀವು ಏನನ್ನೂ ಹೇಳಬೇಡಿ, ನಾನು ಬಂದು ಹೇಳುತ್ತೇನೆ. ವಿಳಾಸವನ್ನು ಪತ್ರಿಕೆಯ ಕಚೇರಿಗೆ ಬರೆದು ಕಳುಹಿಸಿ. ಸಂತೆಯ ದಿನ ಬಿಟ್ಟು ನಿಮಗೆ ಬಿಡುವಿರುವ ಭಾನುವಾರ ಯಾವುದೆಂದು ತಿಳಿಸಿದರೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಮಗಳಿಗೆ ಹಿಂದಿನ ರಾತ್ರಿ ಬೇಗ ಮಲಗಲು ಹೇಳಿ. ಸ್ಟಾಪ್‌ವಾಚ್ ತರುತ್ತೇನೆ, ಸ್ಟೀಲ್ ಟೇಪನ್ನೂ ತರುತ್ತೇನೆ.