ಯಾರು ನೋಡಿದ್ದು, ಟೀಚರ್?

ಪ್ರಿಯ ಟೀಚರ್,

ಪೆರ್ಲದಿಂದ ನೀವು ಕಳುಹಿಸಿದ ‘ಜೀವವಿಕಾಸ: ಒಂದು ಪರಿಚಯ’ ಲೇಖನ ತಲುಪಿತು. ಅಕ್ಷರ ದುಂಡಗಿದೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಶಾಲಾ ಪಠ್ಯಪುಸ್ತಕ ತಯಾರಿಸುವ ಕೇಂದ್ರದ ಎನ್‌ಸಿಇಆರ್‌ಟಿಯವರು 2023ರಲ್ಲಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠವನ್ನು ತೆಗೆದ ಸುದ್ದಿ ಓದಿ ಬೇಸರವಾಯಿತು, ಅದಕ್ಕೇ ಬರೆದೆ ಅಂದಿದ್ದೀರಿ. ಆ ಬೇಸರ ನನಗೂ ಇದೆ. ಮೆಚ್ಚುಗೆ ಇಷ್ಟು ಸಾಕು ಅಲ್ವಾ?

ಈಗ ಇರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲಾರೆ. ಹಾಗಂತ ಒಂದು ಸಾಲು ಬರೆದು ವಾಪಸ್ ಕಳುಹಿಸಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಎಂಟನೆಯ ಹಾಳೆಯಲ್ಲಿರುವ ಒಂದು ಅರ್ಧ ವಾಕ್ಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಟ್ಟು ಬಂದ ಜಾಗಗಳು.

ಎರಡನೆಯ ಹಾಳೆ: “ಎತ್ತರದ ಮರಗಳ ಎಲೆ ತಿನ್ನುವ ಸಲುವಾಗಿ ಜಿರಾಫೆ ತಲೆಮಾರಿನಿಂದ ತಲೆಮಾರಿಗೆ ತನ್ನ ಕತ್ತನ್ನು ಉದ್ದ ಮಾಡಿಕೊಂಡಿತು.”

ಇದು ಡಾರ್ವಿನ್ ಮಾತಲ್ಲ ಟೀಚರ್. ಅವರಿಗಿಂತ ಐವತ್ತು ವರ್ಷ ಮೊದಲು, 1809ರಲ್ಲಿ, ಫ್ರಾನ್ಸಿನ ಲಾಮಾರ್ಕ್ ಹೇಳಿದ್ದಕ್ಕೆ ಇದು ಹತ್ತಿರ. ಡಾರ್ವಿನ್ ಫೋಟೋದ ಕೆಳಗೆ ಲಾಮಾರ್ಕ್ ಹೇಳಿದ್ದನ್ನು ಬರೆದಿದ್ದೀರಿ. ನಿಮ್ಮ ವಾಕ್ಯದಲ್ಲಿ ಮೊದಲು ಜಿರಾಫೆಗೆ ಬೇಕು ಅನ್ನಿಸುತ್ತದೆ, ಆಮೇಲೆ ಕತ್ತು ಬೆಳೆಯುತ್ತದೆ. ಡಾರ್ವಿನ್ ಹೇಳಿದ್ದು ಇದರ ತಿರುಗುಮುರುಗು. ಒಂದೇ ಹಿಂಡಿನಲ್ಲಿ ಕತ್ತು ಸ್ವಲ್ಪ ಗಿಡ್ಡದವು, ಸ್ವಲ್ಪ ಉದ್ದದವು ಮೊದಲೇ ಇರುತ್ತವೆ. ಯಾರಿಗೂ ಏನೂ ಬೇಕು ಅನ್ನಿಸಬೇಕಾಗಿಲ್ಲ. ಕಷ್ಟದ ಕಾಲದಲ್ಲಿ ಕೆಲವು ಹೆಚ್ಚು ಮರಿ ಹಾಕುತ್ತವೆ, ಕೆಲವು ಕಡಿಮೆ. ಅಪ್ಪ ಅಮ್ಮನ ಗುಣ ಮರಿಗೆ ಬರುತ್ತದೆ. ಅಷ್ಟೇ ಯಂತ್ರ. ಅದನ್ನು ಹೇಳದೆ ಉಳಿದದ್ದೆಲ್ಲ ಹೇಳಿದ್ದೀರಿ.

ಇನ್ನೊಂದು. ಜಿರಾಫೆಯ ಕತ್ತು ಉದ್ದವಾದದ್ದು ಎಲೆಗೋಸ್ಕರ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಗಂಡುಗಳು ಕತ್ತು ಬೀಸಿ ಹೊಡೆದಾಡುತ್ತವಲ್ಲ, ಅದೇ ಕಾರಣ ಇರಬಹುದು ಎಂಬ ವಾದ 1996ರಿಂದ ನಡೆಯುತ್ತಿದೆ. ಜಿರಾಫೆ ಬೇಕೇ ಬೇಕು ಎಂದಾದರೆ ಅದರ ಕತ್ತಿನ ಒಳಗೆ ನೋಡಿ. ಅಷ್ಟುದ್ದದ ಕತ್ತಿನಲ್ಲೂ ಮೂಳೆ ಏಳೇ, ನಿಮಗೂ ನನಗೂ ಇರುವಷ್ಟೇ. ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರ ಅಲ್ಲೇ ಪಕ್ಕದಲ್ಲಿ ಸೇರಬಹುದಿತ್ತು. ಅದು ಎದೆಯವರೆಗೆ ಇಳಿದು, ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಸುತ್ತು ಹಾಕಿ, ಮತ್ತೆ ಅಷ್ಟೂ ದೂರ ಮೇಲೆ ಬರುತ್ತದೆ. ಪಕ್ಕದ ಕೋಣೆಯ ಬಲ್ಬಿಗೆ ವಯರನ್ನು ಬಾವಿಕಟ್ಟೆ ಸುತ್ತಿಸಿ ತಂದ ಹಾಗೆ. ಮೀನಿನಂಥ ಪೂರ್ವಜರಿಗೆ ಕತ್ತೇ ಇರಲಿಲ್ಲ, ಆಗ ಆ ದಾರಿ ನೇರವಾಗಿಯೇ ಇತ್ತು. ಕತ್ತು ಬಂದಂತೆ ನರವೂ ಎಳೆದುಕೊಂಡು ಹೋಯಿತು. ನಮ್ಮ ಕತ್ತಿನಲ್ಲೂ ಅದೇ ಸುತ್ತು ಇದೆ. ಇಂಥದ್ದನ್ನು ಬಿಟ್ಟು ಎಲೆ ತಿನ್ನುವ ಕಥೆ ಯಾಕೆ?

ನಾಲ್ಕನೆಯ ಹಾಳೆ: “ಬ್ಯಾಕ್ಟೀರಿಯಾಗಳು ಔಷಧಿಯನ್ನು ಎದುರಿಸಲು ಕಲಿತುಕೊಂಡವು.”

ಇಲ್ಲಿ ಪೆನ್ಸಿಲಿನಲ್ಲಿ ಜೋರಾಗಿ ಗೀಟು ಹಾಕಿದ್ದೇನೆ, ಹಾಳೆ ಸ್ವಲ್ಪ ಹರಿದಿದೆ. ಕಲಿತವೋ, ಮೊದಲೇ ಕೆಲವಕ್ಕೆ ಆ ಶಕ್ತಿ ಇತ್ತೋ? ಇದೇ ಪ್ರಶ್ನೆ ಹಿಡಿದು ಅಮೆರಿಕದಲ್ಲಿ ಜೋಶುವಾ ಲೆಡರ್‌ಬರ್ಗ್, ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸಾಮಾನು ಏನು ಗೊತ್ತಾ? ಒಂದು ಮಖಮಲ್ ಬಟ್ಟೆ. ಗುಂಡಗಿನ ದಿಮ್ಮಿಯ ಮೇಲೆ ಮಖಮಲ್ ಕಟ್ಟಿ, ಬ್ಯಾಕ್ಟೀರಿಯಾ ಬೆಳೆದ ತಟ್ಟೆಯನ್ನು ಅದರ ಮೇಲೆ ಮೆಲ್ಲಗೆ ಒತ್ತಿದರು. ಬಟ್ಟೆಯ ನವಿರಿಗೆ ಬ್ಯಾಕ್ಟೀರಿಯಾ ಅಂಟಿತು. ಅದೇ ಬಟ್ಟೆಯ ಮೇಲೆ ಸ್ಟ್ರೆಪ್ಟೊಮೈಸಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಬೆರೆಸಿದ ಇನ್ನೊಂದು ತಟ್ಟೆ ಒತ್ತಿದರು. ಮೊದಲನೆಯ ತಟ್ಟೆಯಲ್ಲಿ ಯಾವುದು ಎಲ್ಲಿತ್ತೋ ಎರಡನೆಯದರಲ್ಲೂ ಅಲ್ಲಲ್ಲೇ ಕೂತಿತು. ಔಷಧಿಯ ತಟ್ಟೆಯಲ್ಲಿ ಬಹುಪಾಲು ಸತ್ತು, ಎಲ್ಲೋ ಒಂದೆರಡು ಕಡೆ ಚುಕ್ಕೆ ಬೆಳೆಯಿತು. ಆಗ ಮೊದಲನೆಯ ತಟ್ಟೆಗೆ ಹಿಂತಿರುಗಿ, ಅದೇ ಜಾಗದಿಂದ ಬ್ಯಾಕ್ಟೀರಿಯಾ ತೆಗೆದು ಬೆಳೆಸಿದರು. ಮತ್ತೆ ಒತ್ತಿದರು, ಮತ್ತೆ ಅದೇ ಜಾಗ ಹುಡುಕಿದರು. ಕೊನೆಗೆ ಸಿಕ್ಕಿದ್ದು ಔಷಧಿಯ ಮುಖವನ್ನೇ ಕಾಣದ, ಆದರೂ ಔಷಧಿಗೆ ಸಾಯದ ತಳಿ. ಎಂದರೆ ಶಕ್ತಿ ಮೊದಲೇ ಇತ್ತು. ಔಷಧಿ ಉಳಿದವುಗಳನ್ನು ಕೊಂದು ಇವಕ್ಕೆ ಜಾಗ ಮಾಡಿಕೊಟ್ಟಿತು.

ನಿಮ್ಮ ಶಾಲೆಯ ಮಕ್ಕಳಿಗೆ ಈ ಮಖಮಲ್ ಬಟ್ಟೆಯ ಕಥೆ ಹೇಳಿ ನೋಡಿ, ಮರೆಯುವುದಿಲ್ಲ.

ಐದನೆಯ ಹಾಳೆ: “ಪ್ರಕೃತಿ ಬಲಿಷ್ಠರನ್ನು ಆರಿಸಿ ದುರ್ಬಲರನ್ನು ಅಳಿಸಿಹಾಕುತ್ತದೆ.”

ಬಲಿಷ್ಠ ಅಂದರೆ ಯಾರು? ಎಲ್ಲಿ, ಯಾವ ವರ್ಷ? ಡಾರ್ವಿನ್ ಹಡಗಿನಲ್ಲಿ ಹೋಗಿ ನೋಡಿದ ಶಾಂತಸಾಗರದ ದ್ವೀಪಗಳು ಗಾಲಪಗಸ್. ಅಲ್ಲಿನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಗ್ರ್ಯಾಂಟ್, ರೋಸ್‌ಮರಿ ಗ್ರ್ಯಾಂಟ್ ದಂಪತಿ 1973ರಿಂದ ಹಕ್ಕಿಗಳ ಕೊಕ್ಕು ಅಳೆಯುತ್ತಿದ್ದರು. 1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತಗಿನ ಸಣ್ಣ ಬೀಜ ಖಾಲಿಯಾಗಿ, ಉಳಿದದ್ದು ಹೆಚ್ಚಾಗಿ ಗಟ್ಟಿ ಮುಳ್ಳುಕಾಯಿ. ನಮ್ಮ ನೆಗ್ಗಿಲ ಮುಳ್ಳು ಇದೆಯಲ್ಲ, ಅದೇ ಕುಲದ ಗಿಡದ ಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ಅಲ್ಲಿನ ಒಂದು ಜಾತಿಯ ಫಿಂಚ್ ಹಕ್ಕಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಸತ್ತವು. ಬದುಕಿದವುಗಳ ಕೊಕ್ಕಿನ ಸರಾಸರಿ ದಪ್ಪ ಹೆಚ್ಚಿತ್ತು, ಮುಂದಿನ ವರ್ಷದ ಮರಿಗಳದ್ದೂ ಹಾಗೆಯೇ. 1983ರಲ್ಲಿ ಎಲ್ ನಿನೊ (ಶಾಂತಸಾಗರದ ನೀರು ಬಿಸಿಯಾಗಿ ಹವೆ ಬದಲಾಗುವುದು) ಬಂದು ಎಡೆಬಿಡದೆ ಮಳೆ ಸುರಿಯಿತು. ಸಣ್ಣ ಬೀಜ ರಾಶಿ ರಾಶಿ. ಆಮೇಲಿನ ಬರಗಾಲದಲ್ಲಿ ದಪ್ಪ ಕೊಕ್ಕಿನವು ಸೋತವು, ಸಣ್ಣ ಕೊಕ್ಕಿನವು ಉಳಿದವು. ಈಗ ಹೇಳಿ, ಬಲಿಷ್ಠ ಯಾವುದು?

ವಯನಾಡು, ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡಗೋಲು ರಕ್ತಕಣದ (ಸಿಕಲ್ ಸೆಲ್) ಗುಣ ಇದೆ, ಎಂದರೆ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಗುಣ. ನೀಲಗಿರಿಯಲ್ಲಿ ಅದನ್ನು ಮೊದಲು ಗುರುತಿಸಿ ವರದಿ ಮಾಡಿದ್ದು 1952ರಲ್ಲಿ, ಲೇಮನ್ ಮತ್ತು ಕಟ್‌ಬುಷ್. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮೈ ಹಿಂಡುವ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾ ಅಷ್ಟಾಗಿ ಕಾಡುವುದಿಲ್ಲ ಎಂದು 1954ರಲ್ಲಿ ಆ್ಯಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಮಲೇರಿಯಾ ಇರುವ ಕಾಡಿನಲ್ಲಿ ಆ ಗುಣ ಉಳಿದದ್ದು ಹಾಗೆ. ಇದರಲ್ಲಿ ಬಲಿಷ್ಠರೂ ಇಲ್ಲ, ದುರ್ಬಲರೂ ಇಲ್ಲ. ನಿಮ್ಮ ವಾಕ್ಯ ಓದಿದ ಹತ್ತನೇ ತರಗತಿಯ ಹುಡುಗ ಇದನ್ನು ಮನುಷ್ಯರ ಜಾತಿ ಕುಲಕ್ಕೂ ಅನ್ವಯಿಸಿಕೊಂಡರೆ ಯಾರು ಹೊಣೆ? ಹಿಂದೆ ಅನ್ವಯಿಸಿಕೊಂಡವರು ಬೇಕಷ್ಟು ಮಂದಿ ಇದ್ದಾರೆ.

ಇನ್ನು ಎರಡನೆಯ ತಕರಾರು. “ವಿಜ್ಞಾನಿಗಳು ಇದನ್ನು ಸಾಬೀತುಪಡಿಸಿದ್ದಾರೆ.” ಹಾಳೆ ತಿರುಗಿಸಿದಲ್ಲೆಲ್ಲ ಇದೇ. ಯಾವ ವಿಜ್ಞಾನಿಗಳು ಮಾರಾಯ್ರೆ?

ನಾನು ಕೆಲಸ ಕಲಿತದ್ದು ಕೃಷಿಕರ ಒಂದು ಸಣ್ಣ ಮಾಸಿಕದಲ್ಲಿ. ಅಲ್ಲಿನ ಸಂಪಾದಕರಿಗೆ ಕಣ್ಣು ಮಂಜಾಗಿತ್ತು. ಅಂಚೆಯಲ್ಲಿ ಬಂದ ಲೇಖನ, ಕಾಗದ ಎಲ್ಲವನ್ನೂ ಅವರಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಬಾಯಿ ತುಂಬ ಎಲೆ ಅಡಿಕೆ, ಕಣ್ಣು ಮುಚ್ಚಿ ಕೇಳುತ್ತಿದ್ದರು. “ಈ ವರ್ಷ ಕೊಳೆರೋಗ ಹೆಚ್ಚಾಗಿರುವುದು ಕಂಡುಬಂದಿದೆ” ಎಂದು ಓದಿದರೆ ಕೈ ಎತ್ತುತ್ತಿದ್ದರು. “ಯಾರಿಗೆ ಕಂಡುಬಂತು ಮಾರಾಯ? ತೋಟಕ್ಕೆ ಇಳಿದವನಿಗಾ, ಜಗಲಿಯಲ್ಲಿ ಕೂತವನಿಗಾ?” ಉತ್ತರ ಕಾಗದದಲ್ಲಿ ಇಲ್ಲದಿದ್ದರೆ ಅದು ಬುಟ್ಟಿಗೆ. ದೊಡ್ಡ ದೊಡ್ಡ ಡಾಕ್ಟರೇಟ್‌ನವರ ಲೇಖನವೂ ಬುಟ್ಟಿ ಸೇರಿದ್ದನ್ನು ನೋಡಿದ್ದೇನೆ. ಆಗ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ.

ಒಂದು ಕಾಗದಕ್ಕೆ ಮಾತ್ರ ಅವರು ಕೈ ಎತ್ತಲಿಲ್ಲ. ಬಾಯಾರು ಕಡೆಯ ಕೃಷಿಕರೊಬ್ಬರು ಬೀಜದ ಅಡಿಕೆ ಆರಿಸುವ ಬಗ್ಗೆ ಬರೆದದ್ದು. ವರ್ಷ ಬಿಡದೆ ಫಸಲು ಕೊಡುವ, ತೀರಾ ಮುದಿಯಾಗದ ಮರ ಗುರುತು ಮಾಡಿದೆ. ಚೆನ್ನಾಗಿ ಹಣ್ಣಾದ, ಕೈಗೆ ಭಾರ ಅನ್ನಿಸುವ ಕಾಯಿ ಇಳಿಸಿದೆ. ನೀರಿಗೆ ಹಾಕಿದೆ. ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ್ದನ್ನು ಇಟ್ಟುಕೊಂಡೆ, ಅಡ್ಡ ಬಿದ್ದದ್ದನ್ನು ಬಿಟ್ಟೆ. ಸಸಿಯಾದ ಮೇಲೆ ಸೊರಗಿದ್ದನ್ನು ಕಿತ್ತೆ. ಇಷ್ಟೇ. ಸಂಪಾದಕರು ಎದ್ದು ಹೋಗಿ ಎಲೆ ಉಗಿದು ಬಂದು, “ಒಂದಕ್ಷರ ಮುಟ್ಟಬೇಡ” ಅಂದರು.

1859ರಲ್ಲಿ ಪ್ರಕಟವಾದ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕವನ್ನು ಡಾರ್ವಿನ್ ಶುರು ಮಾಡಿದ್ದು ಹೀಗೆಯೇ. ಮೊದಲ ಅಧ್ಯಾಯದಲ್ಲಿ ದ್ವೀಪವಲ್ಲ, ಸಾಕಿದ ಪ್ರಾಣಿ, ಬೆಳೆಸಿದ ಗಿಡ, ಮುಖ್ಯವಾಗಿ ಪಾರಿವಾಳ. ತಾವೇ ಪಾರಿವಾಳ ಸಾಕಿದ್ದರು, ಲಂಡನ್ನಿನ ಪಾರಿವಾಳದವರ ಕ್ಲಬ್ಬಿಗೆ ಸೇರಿದ್ದರು. ಆ ಕೃಷಿಕರು ಅಡಿಕೆಯನ್ನು ಭಾರ ಮಾಡಲಿಲ್ಲ. ಭಾರದ್ದು ಗೊನೆಯಲ್ಲಿ ಇತ್ತು, ಅದನ್ನು ಉಳಿಸಿಕೊಂಡರು. ಕಾಡಿನಲ್ಲಿ ಹೀಗೆ ಆರಿಸುವ ಕೈ ಇಲ್ಲ, ಬರ, ರೋಗ, ಹಸಿವು ಇವೆ. ಓದುಗನನ್ನು ತೋಟದಿಂದ ಕಾಡಿಗೆ ಕರೆದೊಯ್ಯುವುದು ಡಾರ್ವಿನ್ ದಾರಿ. ನೀವು ಮೊದಲ ಹಾಳೆಯಲ್ಲೇ ಹಡಗು ಹತ್ತಿಸಿಬಿಟ್ಟಿರಿ.

ಏಳನೆಯ ಹಾಳೆಯ ಪಳೆಯುಳಿಕೆಯ ಭಾಗಕ್ಕೂ ಇದೇ ಮಾತು. “ಮೀನು ಮತ್ತು ನೆಲದ ಪ್ರಾಣಿಗಳ ನಡುವಿನ ಕೊಂಡಿ ಪತ್ತೆಯಾಗಿದೆ.” ಪತ್ತೆ ತಾನಾಗಿ ಆಯಿತಾ? ಪಳೆಯುಳಿಕೆ ಹುಡುಕುವ ವಿಜ್ಞಾನಿ ನೀಲ್ ಶೂಬಿನ್ ಮತ್ತು ಜೊತೆಗಾರರು ಲೆಕ್ಕ ಹಾಕಿದರು. ಆಗ ತಿಳಿದಿದ್ದ ಪ್ರಕಾರ ಕೊಂಡಿ ಇರಬೇಕಾದ ಕಾಲ ಸುಮಾರು 37.5 ಕೋಟಿ ವರ್ಷ ಹಿಂದೆ. ಆ ವಯಸ್ಸಿನ, ನದಿಯ ಹೂಳಿನಿಂದಾದ ಬಂಡೆ ಎಲ್ಲಿ ಬಯಲಿಗೆ ಬಿದ್ದಿದೆ ಎಂದು ನಕ್ಷೆ ನೋಡಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ಬೇಸಿಗೆಯಿಂದ ಬೇಸಿಗೆಗೆ ಅಗೆದು 2004ರಲ್ಲಿ ಟಿಕ್ಟಾಲಿಕ್ ಸಿಕ್ಕಿತು. ಮೈಮೇಲೆ ಮೀನಿನ ಹುರುಪೆ, ಆದರೆ ತಿರುಗುವ ಕತ್ತು, ಈಜುರೆಕ್ಕೆಯ ಒಳಗೆ ಮಣಿಕಟ್ಟಿನಂಥ ಮೂಳೆ. ಇಲ್ಲಿ ಸಿಗಬೇಕು ಎಂದು ಹೇಳಿ ಹೋಗಿ ಹುಡುಕಿದ್ದು. ಪುರಾವೆಯ ತೂಕ ಇರುವುದೇ ಅದರಲ್ಲಿ. ನೀವು ಫಲ ಮಾತ್ರ ಬರೆದು ಹುಡುಕಾಟ ಬಿಟ್ಟಿದ್ದೀರಿ.

ಈಗ ಎಂಟನೆಯ ಹಾಳೆ. “ನಮ್ಮ ಶಾಲೆಯ ಹಿಂದಿನ ಅಡಿಕೆ ತೋಟದಲ್ಲಿ ಮಕ್ಕಳು ಒಮ್ಮೆ ಹಾರುವ ಓತಿ ತೋರಿಸಿದ್ದರು, ಆದರೆ ವಿಕಾಸದ ನಿಜವಾದ ಪುರಾವೆ ನೋಡಬೇಕೆಂದರೆ ಗಾಲಪಗಸ್‌ಗೇ ಹೋಗಬೇಕು.”

ಅಲ್ಲ ಟೀಚರ್! ಇಡೀ ಲೇಖನದಲ್ಲಿ ನೀವೇ ಕಣ್ಣಾರೆ ಕಂಡದ್ದು ಅದೊಂದೇ. ಅದನ್ನು ಅಲ್ಪವಿರಾಮದ ಹಿಂದೆ ಹಾಕಿ ಕಳೆದುಬಿಟ್ಟಿರಲ್ಲ. ಆ ಓತಿಯ ರೆಕ್ಕೆ ಯಾವುದರಿಂದ ಆಗಿದೆ ಗೊತ್ತಲ್ಲ? ಪಕ್ಕೆಲುಬಿನಿಂದ. ಕೆಲವು ಪಕ್ಕೆಲುಬು ಮೈಯಿಂದಾಚೆಗೆ ನೀಳವಾಗಿ ಬೆಳೆದು, ನಡುವೆ ಚರ್ಮ ಹರಡಿದೆ. ಬೇಡದಾಗ ಮಡಚಿ ಮೈಗೆ ಒತ್ತಿಕೊಳ್ಳುತ್ತದೆ. ಸಂಜೆ ಅದೇ ತೋಟದಲ್ಲಿ ಹಾರುವ ಬಾವಲಿಯ ರೆಕ್ಕೆ ಕೈಬೆರಳುಗಳಿಂದ ಆದದ್ದು. ಕೊಕ್ಕರೆಯದು ಕೈಯ ಮೂಳೆ ಮತ್ತು ಗರಿ. ಹಾರುವ ಅಳಿಲಿನದು ಕೈಕಾಲಿನ ನಡುವೆ ಚಾಚಿದ ಚರ್ಮ. ಒಬ್ಬರು ಕೂತು ಯೋಚಿಸಿ ಮಾಡಿದ್ದಾದರೆ ಒಂದೇ ಒಳ್ಳೆಯ ರೆಕ್ಕೆಯನ್ನು ಎಲ್ಲರಿಗೂ ಕೊಡಬಹುದಿತ್ತು. ಇವು ಒಂದೊಂದೂ ತನ್ನ ಹಿಂದಿನವರಿಂದ ಬಂದ ಮೂಳೆ ಚರ್ಮದಲ್ಲೇ ಹೊಂದಿಸಿಕೊಂಡವು. ನೋಡಿ, ‘ಹೊಂದಿಸಿಕೊಂಡವು’ ಎಂದು ನನಗೂ ಬಂತು. ಈ ಮಾತು ತಪ್ಪಿಸುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಒಂದು ಸಲ ಸರಿಯಾಗಿ ವಿವರಿಸಿದ ಮೇಲೆ ಬಂದರೆ ಪರವಾಗಿಲ್ಲ, ವಿವರಣೆಯ ಬದಲಿಗೆ ಬಂದರೆ ಆಗದು.

ಹಾರುವ ಓತಿ ಅಂದ ಕೂಡಲೆ ಕನ್ನಡದ ಓದುಗರಿಗೆಲ್ಲ ಒಂದೇ ಕಾದಂಬರಿ, ತೇಜಸ್ವಿಯವರ ‘ಕರ್ವಾಲೊ’, ನೆನಪಾಗುತ್ತದೆ. ಅದಕ್ಕೆ ಹೆದರಬೇಡಿ. ನಿಮ್ಮ ಮಕ್ಕಳು ಕಂಡ ಓತಿ ಬೇರೆ. ಅದನ್ನು ಮತ್ತೆ ಹೋಗಿ ನೋಡಿ. ಯಾವ ಹೊತ್ತಿಗೆ ಕಾಣುತ್ತದೆ, ಮರದ ಯಾವ ಎತ್ತರದಲ್ಲಿ, ಇರುವೆ ಸಾಲಿನ ಹತ್ತಿರ ಎಷ್ಟು ಹೊತ್ತು ಕೂರುತ್ತದೆ, ಗಂಡು ಹಳದಿ ಗಂಟಲಚೀಲ ಆಡಿಸುವುದು ಯಾರನ್ನು ಕಂಡಾಗ. ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಇಳಿಯುತ್ತದೆ, ಅದು ಕಂಡರೆ ನಿಮ್ಮ ಭಾಗ್ಯ. ಮೊದಲು ತೋರಿಸಿದ ಮಕ್ಕಳ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ, ತುಳುವಾದರೂ ಸರಿ, ಮಲಯಾಳವಾದರೂ ಸರಿ.

ನಿಮ್ಮನ್ನು ಇಷ್ಟು ಕಾಡಲು ಇನ್ನೊಂದು ಕಾರಣವಿದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಒಂದೇ ಶಾಲೆಯ ಒಂದು ಕೋಣೆಯಲ್ಲಿ ಮಲಯಾಳ ಮೀಡಿಯಂ, ಪಕ್ಕದ ಕೋಣೆಯಲ್ಲಿ ಕನ್ನಡ ಮೀಡಿಯಂ. ಮಲಯಾಳದ ಕೋಣೆಯ ಮಕ್ಕಳಿಗೆ 1962ರಿಂದ ವಿಜ್ಞಾನವನ್ನು ಜನರಿಗೆ ತಲುಪಿಸುವ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಇದೆ, ಪುಸ್ತಕ ಇದೆ, ಪತ್ರಿಕೆ ಇದೆ. ಈ ಕೋಣೆಯವರಿಗೆ ನೀವು, ನಾನು. ಹಾಗಾಗಿ ‘ಪರಿಚಯ’ ಎಂದು ಸುಮ್ನೆ ಏನೋ ಒಂದು ಕೊಟ್ಟರೆ ಸಾಲದು.

ಹೊಸ ಪ್ರತಿ ಓತಿಯಿಂದ ಶುರುವಾಗಲಿ. ಸಾವಿರ ಪದ ದಾಟಬೇಡಿ. ಹಡಗಿನ ಪ್ರಯಾಣ, ಡಾರ್ವಿನ್ ಬಾಲ್ಯ, ಕೊನೆಯ ಹಾಳೆಯ ಕವನ ಮೂರೂ ಬೇಡ. ಜಿರಾಫೆ ಇರಬಹುದು, ನರದ ಜೊತೆಗೆ. ಮಳೆಗಾಲದ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿರುತ್ತೇನೆ, ಮೇ ಕೊನೆಯೊಳಗೆ ಕೈ ಸೇರಬೇಕು. ಗೌರವಧನ ಕೊಡುವ ಸ್ಥಿತಿಯಲ್ಲಿ ಪತ್ರಿಕೆ ಇಲ್ಲ, ಅದು ನಿಮಗೂ ಗೊತ್ತು.

ಹಾಳೆಗಳನ್ನು ಇದರ ಜೊತೆಗೇ ಹಿಂದಕ್ಕೆ ಕಳುಹಿಸಿದ್ದೇನೆ. ಆರನೆಯದರ ಹಿಂಬದಿಯಲ್ಲಿ 9 ಬಿ ಮಕ್ಕಳ ಮಾರ್ಕುಗಳಿವೆ, ನಿಮಗೆ ಬೇಕಾದೀತು.

ಇತಿ,
ಸಂಪಾದಕ